ಕೊರಳಿನ ಒಳಪಟ್ಟಿ

ಹೊಲಿಸಿದ ರವಿಕೆ ಕೈಗೆ ಬಂದ ಕೂಡಲೇ ನಾನು ಮೊದಲು ಅದರ ಒಳಮೈ ತಿರುವಿ ನೋಡುತ್ತೇನೆ. ಮಕ್ತಲ್‌ನ ನಮ್ಮ ದರ್ಜಿಯ ಮಾತಿಗಿಂತ ಆ ಒಳಮೈಯನ್ನೇ ಹೆಚ್ಚು ನಂಬುವುದು. ಗದ್ವಾಲ್ ಸೀರೆಯ ಜೊತೆ ಬಂದ ಗಿಣಿಹಸಿರು ಬಟ್ಟೆಯನ್ನು ಅವನಿಗೆ ಕೊಟ್ಟಿದ್ದೆ. ಕೊರಳಂಚು ಎಳೆ ಬಿಡದ ಹಾಗೆ ಒಳಗಡೆ ಹಚ್ಚಿದ ಪಟ್ಟಿ ಮಾತ್ರ ಬದನೆಕಾಯಿ ಬಣ್ಣದ್ದಾಗಿತ್ತು.

"ನನ್ನ ಬಟ್ಟಿ ಎಲ್ಲಿ ಹೋತು?" ಎಂದೆ.

"ನಿಮ್ದು ಪಟ್ಟಿಗೆ ಸಾಲಲಿಲ್ರಿ ಅಕ್ಕಾರ. ಒಳಗಿಂದು ಯಾರು ನೋಡ್ತಾರ್ರಿ?" ಎಂದ ದರ್ಜಿ.

ನಾನೇನು ದಪ್ಪಗಿಲ್ಲ. ಬಟ್ಟೆ ಸಾಲಲಿಲ್ಲವಂತೆ. ಅಂದಿನಿಂದ ಯಾವ ಹೆಂಗಸಿನ ಹಿಂದೆ ನಿಂತರೂ ನನ್ನ ಕಣ್ಣು ಅವಳ ಕೊರಳಂಚಿಗೇ ಹೋಗುತ್ತಿತ್ತು.

ಮೊನ್ನೆ ಗದ್ವಾಲಿನ ಮದುವೆಗೆ ಆ ರವಿಕೆಯನ್ನೇ ತೊಟ್ಟು ಹೋದೆ. ಮೈದುನನ ಹೆಂಡತಿಯೂ ಬಂದಿದ್ದಳು, ಬದನೆಕಾಯಿ ಬಣ್ಣದ ರವಿಕೆಯಲ್ಲಿ. ಅವಳೂ ಅದೇ ದರ್ಜಿಯ ಹತ್ತಿರ ಹೊಲಿಸುವವಳು. ಹೂ ಮುಡಿಸುವ ನೆಪದಲ್ಲಿ ಅವಳ ಹಿಂದೆ ನಿಂತು, ಕೊರಳಂಚನ್ನು ಬೆರಳಿನಿಂದ ಮೆಲ್ಲಗೆ ಮಗುಚಿದೆ. ಒಳಗೆ ನನ್ನ ಗಿಣಿಹಸಿರು ಇತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ನನ್ನ ಕಡೆ ತಿರುಗಿದಳು.

"ಈಗ ನೀವು ಆ ಕಡೆ ತಿರುಗ್ರಿ ಅಕ್ಕಾ, ನಾನೂ ನಿಮಗ ಹೂ ಮುಡಸ್ತೀನಿ."

ಅವಳ ಕೈಯಲ್ಲಿ ಹೂವೇ ಇರಲಿಲ್ಲ.