ಕುಣಿಗಲ್ ಕೆರೆಗೆ ಇಳಿಸಿದ ಹಡಗು

ಸಮುದ್ರವನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಅಂಥವನು ಹನ್ನೊಂದು ತಿಂಗಳ ಭಾನುವಾರಗಳನ್ನೆಲ್ಲ ಸುರಿದು ಒಂದು ಹಡಗು ಕಟ್ಟಿದೆ. ನಾಲ್ಕಡಿ ಉದ್ದದ್ದು, ಆವಿಯಿಂದಲೇ ಓಡಬೇಕಾದದ್ದು.

ತುಮಕೂರಿನ ಅಂತರಸನಹಳ್ಳಿಯಲ್ಲಿ ನನ್ನದೊಂದು ಲೇತ್ ಶೆಡ್ಡಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅದೇ ವರ್ಷ ಲೇತಿನ ಮುಂದೆ ನಿಂತವನು ನಾನು. ಡ್ರಾಯಿಂಗ್ ಕೈಗೆ ಕೊಟ್ಟರೆ ಅದನ್ನು ಬರೆದ ಇಂಜಿನಿಯರ್‌ಗಿಂತ ಮೊದಲೇ ತಪ್ಪು ಹಿಡಿಯುತ್ತೇನೆ. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ತಂಗಿಯರ ಮದುವೆಗಳು ಮುಗಿಯುವಷ್ಟರಲ್ಲಿ ನನ್ನ ಮದುವೆಯ ವಯಸ್ಸೂ ಮುಗಿದಿತ್ತು. ಸದಾಶಿವನಗರದ ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದೇನೆ. ಆರು ದಿನ ಮೆಷಿನ್ನಿನ ಸದ್ದಿನಲ್ಲಿ ಕಳೆದುಹೋಗುತ್ತವೆ. ಭಾನುವಾರ ಮಾತ್ರ, ಬೆಳಗ್ಗೆ ಹಾಲಿನವನಿಗೆ ‘ಅರ್ಧ ಲೀಟ್ರು’ ಎಂದ ಮೇಲೆ ಸೋಮವಾರದವರೆಗೆ ಬಾಯಿ ತೆರೆಯಲು ಕಾರಣವೇ ಇರುವುದಿಲ್ಲ.

ಗುಜರಿ ಅಂಗಡಿಯಲ್ಲಿ ಹಿತ್ತಾಳೆ ತುಂಡು ಹುಡುಕುವಾಗ ಹರಿದ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಅದರೊಳಗೆ ಮಡಿಚಿದ ಹಾಳೆ. ಬಿಚ್ಚಿದರೆ, ಹಡಗನ್ನು ಉದ್ದಕ್ಕೆ ಸೀಳಿ ಒಳಗನ್ನು ತೋರಿಸಿದ ಡ್ರಾಯಿಂಗ್. ನಡುವೆ ಬಾಯ್ಲರ್, ಇಂಜಿನ್. ಎರಡು ಮಗ್ಗುಲಿಗೂ ನೀರು ತಳ್ಳುವ ದೊಡ್ಡ ಚಕ್ರಗಳು. ಮುಂದುಗಡೆ ಸರಕಿನ ಕೋಣೆ, ಹಿಂದುಗಡೆ ಪ್ರಯಾಣಿಕರ ಮಂಚಗಳು. ಮೇಲೆ ಹಾಯಿಗಳೂ ಇದ್ದವು; ಇಂಜಿನ್ನಿನ ಮೇಲೆ ಇನ್ನೂ ಪೂರಾ ನಂಬಿಕೆ ಬಂದಿರದ ಕಾಲದ ಹಡಗು. ಕೆಳಗೆ ಸಣ್ಣಕ್ಷರದ ಇಂಗ್ಲಿಷ್ ಇತ್ತು. ಅದು ನನಗೆ ಓದಲು ಬರುವುದಿಲ್ಲ. ಅಂಕಿಗಳು ತಿಳಿದವು, ಕಟ್ಟಲು ಅಷ್ಟು ಸಾಕೆಂದುಕೊಂಡೆ.

ಭಾನುವಾರ ಶೆಡ್ಡು ತೆರೆದು ಕೆಲಸಕ್ಕೆ ಕೂತರೆ, ಪಕ್ಕದ ಶೆಡ್ಡಿನ ವೆಲ್ಡರ್ ಆಗಾಗ ಬಂದು ಇಣುಕುತ್ತಿದ್ದ.

“ಏನ್ ಮೇಸ್ತ್ರಿ, ತುಮ್ಕೂರ್ಗೆ ಸಮುದ್ರ ತರುಸ್ತೀರಾ?”

“ನಿನ್ ಕೆಲ್ಸ ನೋಡ್ಕೊಳ್ಳೋ.”

“ನೋಡ್ಕೊತೀನಿ ಬುಡಿ. ನಂಗೊಂದ್ ಸೀಟ್ ಇಟ್ಟಿರಿ, ಕಿಟ್ಕಿ ಪಕ್ಕ.”

ತಗಡನ್ನು ಎಷ್ಟು ತೆಳ್ಳಗೆ ಬಡಿದಿದ್ದೆನೆಂದರೆ ಬೆರಳಲ್ಲಿ ಹೊಡೆದರೆ ತಟ್ಟೆಯಂತೆ ನಾದ ಬರುತ್ತಿತ್ತು. ಬಾಯ್ಲರಿಗೆ ತಾಮ್ರದ ಪೈಪು, ಉರಿಗೆ ತೆಂಗಿನ ಚಿಪ್ಪಿನ ಇದ್ದಿಲು. ಡ್ರಾಯಿಂಗಿನಲ್ಲಿ ಹಡಗಿನ ಹೊಟ್ಟೆಯುದ್ದಕ್ಕೂ ಒಂದು ಗೆರೆಯಿತ್ತು. ಬಣ್ಣ ಬದಲಾಗುವ ಜಾಗ ಎಂದು ತಿಳಿದು, ಗೆರೆಯ ಕೆಳಗೆ ಕೆಂಪು, ಮೇಲೆ ಕಪ್ಪು ಬಳಿದೆ.

ತುಮಕೂರಿನ ಕೆರೆಗಾದರೆ ಗುರುತಿನವರು ಸೇರುತ್ತಾರೆ. ಅದಕ್ಕೇ ಕುಣಿಗಲ್ ದೊಡ್ಡಕೆರೆಗೆ ಹೋದೆ. ವೆಲ್ಡರ್ ತನ್ನ ಲಗೇಜ್ ಆಟೋ ತಂದ. ನಮ್ಮ ಕಸುಬಿನಲ್ಲೊಂದು ಕ್ರಮವಿದೆ: ಮೋಟಾರಾಗಲಿ, ಹಿಟ್ಟಿನ ಗಿರಣಿಯಾಗಲಿ, ಹೊಸದನ್ನು ಮೊದಲು ಖಾಲಿ ಓಡಿಸಬೇಕು, ಸದ್ದು ಕೇಳಬೇಕು, ಆಮೇಲೆ ಭಾರ ಕೊಡಬೇಕು. ಮೂವತ್ತೈದು ವರ್ಷ ಆ ಕ್ರಮ ತಪ್ಪಿದವನಲ್ಲ. ಹಡಗನ್ನೂ ಹಾಗೇ ಖಾಲಿ ಇಳಿಸಿದೆ.

ಅದು ಒಣಗಿದ ತೆಂಗಿನಕಾಯಿಯ ಹಾಗೆ ನೀರಿನ ಮೇಲೆ ಕೂತಿತು. ಆವಿ ಏರಿತು. ಇಂಜಿನ್ ಓಡಿತು, ಚಕ್ರಗಳು ಪಟಪಟ ತಿರುಗಿದವು, ನೀರು ಎರಚಿದವು. ಹಡಗು ಮಾತ್ರ ಇದ್ದಲ್ಲೇ ಇತ್ತು. ಚಕ್ರದ ರೆಕ್ಕೆಗಳು ನೀರಿಗಿಂತ ಗಾಳಿಯನ್ನೇ ಹೆಚ್ಚು ತಳ್ಳುತ್ತಿದ್ದವು.

“ಮೇಸ್ತ್ರಿ, ಇದು ಫ್ಯಾನು ಕಣ್ರೀ! ಮನೆಗ್ ತಗಂಡೋಗಿ ನೇತಾಕಿ, ಸೆಕೆಗಾಯ್ತದೆ.”

ಅವನು ನಗಿಸಲೆಂದೇ ಹೇಳಿದ್ದು. ವಾಪಸು ಬರುವ ದಾರಿಯಲ್ಲಿ ಹೆಬ್ಬೂರಿನಲ್ಲಿ ಟೀ ಕೂಡ ಕೊಡಿಸಿದ. ನಾನು ಕುಡಿಯಲಿಲ್ಲ.

ಮುಂದಿನ ಎರಡು ಭಾನುವಾರ ಇಂಜಿನ್ ಬಿಚ್ಚಿ ಜೋಡಿಸಿದೆ. ಒಂದು ಅಳತೆಯೂ ತಪ್ಪಿರಲಿಲ್ಲ. ನಾನು ನೋಡದೆ ಬಿಟ್ಟದ್ದು ಆ ಸಣ್ಣಕ್ಷರಗಳನ್ನು ಮಾತ್ರ. ವೆಲ್ಡರ್‌ನ ಮಗಳು ಕಾಲೇಜಿಗೆ ಹೋಗುತ್ತಾಳೆ, ಒಂದು ನಿಮಿಷದಲ್ಲಿ ಓದಿಬಿಡುತ್ತಿದ್ದಳು. ಆದರೆ ಡ್ರಾಯಿಂಗ್ ವಿಷಯಕ್ಕೆ ಅಂತರಸನಹಳ್ಳಿಯಲ್ಲಿ ಯಾರ ಮುಂದೆಯೂ ನಾನು ಹಾಳೆ ಹಿಡಿದು ನಿಂತವನಲ್ಲ. ಹನ್ನೊಂದು ತಿಂಗಳ ಕೆಲಸವನ್ನು ಗುಜರಿಗೆ ಹಾಕುವುದೋ, ಓದಲು ಬರುವುದಿಲ್ಲ ಎಂದು ಒಬ್ಬರ ಮುಂದೆ ಬಾಯಿಬಿಡುವುದೋ? ಇನ್ನೂ ಒಂದು ವಾರ ತಡೆದು, ಗುಬ್ಬಿ ಬಸ್ಸು ಹತ್ತಿದೆ.

ಗುಬ್ಬಿಯಲ್ಲಿ ರಿಟೈರಾದ ಇಂಗ್ಲಿಷ್ ಮೇಡಮ್ಮೊಬ್ಬರಿದ್ದರು. ಅವರ ತೋಟದ ಪಂಪಿನ ಶಾಫ್ಟ್ ಮಾಡಿಕೊಟ್ಟಿದ್ದೆ. ಹಾಳೆಯನ್ನೂ ಪುಸ್ತಕವನ್ನೂ ಕೊಟ್ಟು, ನನ್ನ ಹಡಗು ಓಡದ ಕಥೆ ಹೇಳಿ, ಕನ್ನಡಕ ಮರೆತು ಬಂದೆ ಎಂದೆ.

ಅವರು ನನ್ನ ಜೇಬಿನಲ್ಲಿದ್ದ ಕನ್ನಡಕ ನೋಡಿದರು. “ಎಲ್ಲೀವರ್ಗೂ ಓದಿದ್ದೀರಿ?”

“ಏಳು.”

“ಅದಕ್ಯಾಕೆ ಸುಳ್ಳು? ಕೂತ್ಕೊಳ್ಳಿ.” ಓದಿ, ಗೆರೆಯ ಮೇಲೆ ಬೆರಳಿಟ್ಟರು. “ಪೂರಾ ಸರಕು, ಕಲ್ಲಿದ್ದಲು ತುಂಬ್ದಾಗ ನೀರು ಇಲ್ಲೀವರ್ಗೂ ಬರ್ಬೇಕಂತೆ. ಹೊರಡುವಾಗ ಚಕ್ರ ಆಳಕ್ಕೆ ಮುಳುಗಿರೋದು, ಕಲ್ಲಿದ್ದಲು ಉರಿದ ಹಾಗೆ ಹಡಗು ಮೇಲೇಳೋದು. ಅದೇ ಇದರ ತಾಪತ್ರಯ ಅಂತ ಬರ್ದವ್ರೆ.”

ಖಾಲಿ ಇಳಿಸಿದ್ದೇ ತಪ್ಪಾಗಿತ್ತು. ನಾನು ಬಣ್ಣದ ಗೆರೆ ಎಂದುಕೊಂಡದ್ದು ನೀರಿನ ಗೆರೆ.

“ಆಮೇಲೇನಾಯ್ತು ಹಡಗು?”

ಅವರು ಪುಸ್ತಕದ ಪುಟ ತಿರುವಿದರು. ಕೆಲವು ವರ್ಷ ಬಟ್ಟೆಯ ಮೂಟೆ, ಟಪಾಲು, ಜನರನ್ನು ಹೊತ್ತು ಓಡಾಡಿತಂತೆ. ಕಲ್ಲಿದ್ದಲೇ ಅರ್ಧ ಜಾಗ ತಿನ್ನುತ್ತಿದ್ದರಿಂದ ಸರಕಿಗೆ ಜಾಗ ಸಾಲದೆ, ಕೊನೆಗೆ ಇಂಜಿನ್ ತೆಗೆದು ಬರೀ ಹಾಯಿಯ ಹಡಗು ಮಾಡಿದರಂತೆ. ಮುದಿಯಾದ ಮೇಲೆ ಯಾವುದೋ ಬಂದರಿನಲ್ಲಿ ಕಟ್ಟಿಹಾಕಿ, ಬೇರೆ ಹಡಗುಗಳಿಗೆ ಕಲ್ಲಿದ್ದಲು ಕೊಡುವ ಉಗ್ರಾಣ ಮಾಡಿದರಂತೆ.

“ಇಂಜಿನ್ ಚೆನ್ನಾಗಿತ್ತಾ, ತೆಗೀವಾಗ?”

“ಅದನ್ನ ಬರೆದಿಲ್ಲ. ನಿಮ್ದು ಓಡಿದ್ರೆ ಫೋನ್ ಮಾಡಿ.”

ಬಟ್ಟೆಯ ಪುಟ್ಟ ಚೀಲಗಳನ್ನು ಹೊಲಿದು ರಾಗಿ ತುಂಬಿ ಸರಕಿನ ಕೋಣೆಗೆ ಸೇರಿಸಿದೆ. ಮುಂದಿನ ಭಾನುವಾರ ವೆಲ್ಡರ್‌ಗೆ ಹೇಳಲಿಲ್ಲ. ಹಡಗನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದೆ. ಕೆರೆಯಂಚಿನಲ್ಲಿ ನಾಲ್ಕು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ. ಒಂದೊಂದೇ ಚೀಲ ಸರಿಸಿ, ನೀರು ಕೆಂಪನ್ನು ಪೂರಾ ನುಂಗಿ ಕಪ್ಪಿನ ಅಂಚಿಗೆ ಬರುವಂತೆ ಮಾಡಿದೆ. ಆವಿ ಬಿಟ್ಟೆ. ಈ ಸಲ ಚಕ್ರಗಳು ಪಟಪಟ ಎನ್ನಲಿಲ್ಲ. ಏದುಸಿರು ಬಿಡುತ್ತ ನಿಧಾನವಾಗಿ ತಿರುಗಿದವು. ಹಡಗು ಹೊರಟಿತು.

ಕೂಗಬೇಕೆನಿಸಿತು. ಹಿಂದಕ್ಕೆ ತಿರುಗಿದೆ, ಎಮ್ಮೆಗಳು ಮೇಯುತ್ತಿದ್ದವು. ಗುಬ್ಬಿಗೆ ಫೋನ್ ಮಾಡಿದೆ.

“ಮೇಡಂ, ಓಡ್ತಾ ಐತೆ.”

“ಹೌದಾ! ಯಾರ್ಯಾರ್ ಇದೀರಿ ಅಲ್ಲಿ?”

“ನಾನೇ.”

“ಫೋನ್ ಆ ಕಡೆ ಹಿಡೀರಿ. ನಾನೂ ಕೇಳ್ತೀನಿ.”

ತೋಳು ಚಾಚಿ ನೀರಿನ ಕಡೆ ಹಿಡಿದೆ. ಸದ್ದು ದೂರವಾಗುತ್ತ, ಸಣ್ಣದಾಗುತ್ತ ಹೋಗಿ, ಇದ್ದಿಲು ಮುಗಿದು ನಿಂತಿತು.

“ನಿಲ್ತಾ?”

“ನಿಲ್ತು ಮೇಡಂ. ನಾಲ್ಕೈದ್ ಮಾರು ದೂರ ಐತೆ. ಹೋಗಿ ತರ್ಬೇಕು.”

“ತನ್ನಿ. ಹುಷಾರು. ನಾನ್ ಫೋನ್ ಇಡಲ್ಲ.”

ಫೋನನ್ನು ಕಲ್ಲಿನ ಮೇಲಿಟ್ಟು, ಪ್ಯಾಂಟು ಮಡಿಚಿಕೊಂಡು ನೀರಿಗಿಳಿದೆ.