ನಿಶ್ಶಕ್ತಿ ಎಂದು ಬರೆದ ಪತ್ರ

ಆಪಾಗೆ ಕ್ಯಾನ್ಸರ್ ಎಂದು ಭಾವ ಫೋನ್ ಮಾಡಿದಾಗ ನಾನು ಮಿಶಿಗನ್‌ನ ವಿಕ್ಸಮ್ ಊರಿನ ವರ್ಕ್‌ಶಾಪಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಆಪಾ ನನ್ನ ಒಬ್ಬಳೇ ಅಕ್ಕ. ಅಮ್ಮ ಬೇಗ ಹೋದಮೇಲೆ ತಲೆಗೆ ಎಣ್ಣೆ ಹಚ್ಚಿ ನನ್ನನ್ನು ಶಾಲೆಗೆ ಕಳಿಸಿದವಳು, ಮೊಂಡು ಹಿಡಿದರೆ ಬೆನ್ನಿಗೆ ಎರಡು ಬಿಟ್ಟವಳು.

‘ಡಾಕ್ಟರ್ ಎರಡು ತಿಂಗಳು ಅಂದಾರ,’ ಎಂದರು ಭಾವ. ‘ಆಕಿಗೆ ಹೇಳಿಲ್ಲ. ಬರೇ ನಿಶ್ಶಕ್ತಿ ಅಂತ ಹೇಳೇವಿ. ನೀನೂ ಬಾಯಿ ಬಿಡಬ್ಯಾಡ ಮತ್ತ.’

ರಾಣೆಬೆನ್ನೂರಿನ ಕಡೆ ನಮ್ಮದು ಹೀಗೇ. ರೋಗಿಯೊಬ್ಬರನ್ನು ಬಿಟ್ಟು ಓಣಿಗೆಲ್ಲ ಗೊತ್ತಿರುತ್ತದೆ. ಇಲ್ಲಿ ನನ್ನ ಹನ್ನೆರಡು ವರ್ಷದ ಮಗಳು ಮಾತ್ರ ಕೇಳಿದಳು: ‘ಡ್ಯಾಡ್, ವೈ ಡೋಂಟ್ ಯು ಜಸ್ಟ್ ಟೆಲ್ ಹರ್?’ ‘ನಿನಗೇನ್ ತಿಳೀತೈತಿ, ಸುಮ್ನ ಓದ್ಕೋ’ ಎಂದು ಗದರಿದೆ.

ಹೊರಟುಬಿಡಬೇಕಿತ್ತು. ಆದರೆ ನನ್ನ ಹಳೇ ವೀಸಾ ಮುಗಿದು ಗ್ರೀನ್ ಕಾರ್ಡಿನ ಅರ್ಜಿ ನಡುವೆ ನಿಂತಿತ್ತು. ಅನುಮತಿ ಪತ್ರವಿಲ್ಲದೆ ದೇಶ ಬಿಟ್ಟರೆ ಅರ್ಜಿ ಅಲ್ಲಿಗೇ ಖಲಾಸ್. ನನ್ನದರ ಬಾಲಕ್ಕೆ ಕಟ್ಟಿದ ಹೆಂಡತಿಯ ಅರ್ಜಿಯೂ ಹೋಗುತ್ತಿತ್ತು. ಆ ಅರ್ಜಿ ಹಾಕಿದ್ದು ನಾವು ಶಿಕಾಗೋ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿದ್ದಾಗ. ಮಿಶಿಗನ್‌ಗೆ ಮನೆ ಬದಲಿಸಿದ ಮೇಲೆ ಕಡತ ಎಲ್ಲಿದೆ ಎಂದು ಯಾರನ್ನು ಕೇಳಿದರೂ ಒಂದೊಂದು ಊರು ಹೇಳುತ್ತಿದ್ದರು. ಅರ್ಜಿ ತೆಗೆದುಕೊಳ್ಳುವುದು ಒಂದು ಕಚೇರಿ, ಬೆರಳಚ್ಚು ಒತ್ತಿಸಿಕೊಳ್ಳುವುದು ಇನ್ನೊಂದು, ತೀರ್ಮಾನ ಮಾಡುವುದು ಮತ್ತೊಂದು. ಫೋನ್ ಎತ್ತುವವರಿಗೆ ಕಡತ ಕಾಣುವುದಿಲ್ಲ. ಕಡತ ಇಟ್ಟುಕೊಂಡವರ ಫೋನ್ ನಂಬರ್ ನಮಗೆ ಕೊಡುವುದಿಲ್ಲ. ತಲೆ ಕೆಟ್ಟುಹೋಯಿತು.

ಕೊನೆಗೆ ಫೋನಿನಲ್ಲಿ ಒಬ್ಬ ಪುಣ್ಯಾತ್ಮ ದಾರಿ ಹೇಳಿದ. ಮನೆಯವರು ಸಾಯುವ ಸ್ಥಿತಿಯಲ್ಲಿದ್ದರೆ ಡಾಕ್ಟರ ಪತ್ರ ಹಿಡಿದು ಡೆಟ್ರಾಯಿಟ್‌ನ ವಲಸೆ ಕಚೇರಿಗೆ ಹೋಗಬೇಕು, ಅವರಿಗೆ ಒಪ್ಪಿಗೆಯಾದರೆ ಅಂದೇ ಅನುಮತಿ. ಭಾವನಿಗೆ ಹೇಳಿದೆ. ಎರಡು ದಿನಕ್ಕೆ ಪತ್ರ ಬಂತು. ‘ರೋಗಿಗೆ ಸಾಮಾನ್ಯ ನಿಶ್ಶಕ್ತಿ ಇದೆ, ವಿಶ್ರಾಂತಿ ಬೇಕು, ತಮ್ಮ ಬಂದರೆ ಒಳ್ಳೆಯದು.’ ಇದೇನು ಭಾವ ಎಂದೆ. ‘ಆಕಿ ಮನ್ಯಾಗ ಯಾವ ಕಾಗದ ಬಂದ್ರೂ ಓದ್ತಾಳೋ ಮಾರಾಯಾ. ಅದರ ಹೆಸರು ಬರೀಬ್ಯಾಡ್ರಿ ಅಂತ ಡಾಕ್ಟರ್‌ಗೆ ನಾನ ಕೈ ಮುಗದೆ.’

ಆಗಲೇ ಬೇರೆ ಪತ್ರ ತರಿಸಬೇಕಿತ್ತು. ಅಪಾಯಿಂಟ್‌ಮೆಂಟ್ ಮರುದಿನವೇ ಇತ್ತು. ಅಧಿಕಾರಿಯೂ ಮನುಷ್ಯರೇ ತಾನೆ, ಬಾಯಿಮಾತಿನಲ್ಲಿ ಹೇಳಿದರಾಯಿತು ಎಂದುಕೊಂಡೆ. ಎಂಥ ದಡ್ಡ ನಾನು!

ಕೌಂಟರಿನಲ್ಲಿದ್ದ ಅಧಿಕಾರಿಣಿ ಹೆಚ್ಚುಕಡಿಮೆ ಆಪಾಳ ವಯಸ್ಸಿನವರು. ಪತ್ರವನ್ನು ಎರಡು ಸಲ ಓದಿ, ನಿಶ್ಶಕ್ತಿ ತುರ್ತಲ್ಲ ಎಂದರು. ಇದ್ದದ್ದನ್ನೆಲ್ಲ ಹೇಳಿದೆ. ‘ಅವರ ಕಾಯಿಲೆಯನ್ನು ಅವರಿಗೇ ಹೇಳಿಲ್ಲವೇ?’ ಎಂದು ನನ್ನ ಮುಖ ನೋಡಿದರು. ನಾಚಿಕೆಯಾಯಿತು. ಆಮೇಲೆ ದನಿ ತಗ್ಗಿಸಿ ಹೇಳಿದರು: ‘ನಾನು ನಿಮ್ಮನ್ನು ನಂಬುತ್ತೇನೆ. ಆದರೆ ನನ್ನ ನಂಬಿಕೆಯನ್ನು ಫೈಲಿನಲ್ಲಿ ಇಡಲು ಬರುವುದಿಲ್ಲ. ನಾಳೆ ಮೇಲಿನವರು ತೆಗೆದರೆ ಅವರಿಗೆ ಕಾಣುವುದು ಈ ಕಾಗದ ಮಾತ್ರ. ರೋಗದ ಹೆಸರಿರುವ ಪತ್ರ ತನ್ನಿ.’ ಕೂಗಾಡಬೇಕೆಂದಿದ್ದವನು ಪತ್ರ ಮಡಿಚಿಕೊಂಡು ಹೊರಬಂದೆ. ಅವರು ಹೇಳಿದ್ದರಲ್ಲಿ ತಪ್ಪೇ ಇರಲಿಲ್ಲ.

ಕೂಗಾಡಿದ್ದು ಭಾವನ ಮೇಲೆ, ಪಾರ್ಕಿಂಗ್ ಲಾಟಿನಲ್ಲಿ ನಿಂತು, ಬಾಯಿಗೆ ಬಂದಂತೆ. ಪಾಪ, ಆ ಕಡೆ ಅವರು ಅಳುತ್ತಿದ್ದರು. ಸರಿಯಾದ ಪತ್ರ ಮೂರು ದಿನಕ್ಕೆ ಬಂತು. ಹೊಸ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಹದಿನಾರು ದಿನಕ್ಕೆ. ಅದಕ್ಕಿಂತ ಮುಂಚಿನದು ಕೊಡುವ ಅಧಿಕಾರ ಫೋನಿನವರಿಗೆ ಇಲ್ಲವಂತೆ. ಏನಾದರಾಗಲಿ ಎಂದು ವಿಮಾನ ಹತ್ತಿಬಿಡಬಹುದಿತ್ತು. ಹತ್ತಲಿಲ್ಲ. ಹೆಂಡತಿಯ ಮುಖ ನೋಡಿದೆ, ಮಗಳ ಶಾಲೆ ನೋಡಿದೆ, ಸುಮ್ಮನಾದೆ. ಆಪಾ ಫೋನಿನಲ್ಲಿ ‘ಯಾವಾಗ ಬರ್ತಿಯೋ?’ ಎಂದಾಗಲೆಲ್ಲ ‘ರಜಾ ಸಿಕ್ಕಿಲ್ಲ ಆಪಾ’ ಎನ್ನುತ್ತಿದ್ದೆ. ಅವಳ ಪಾಲಿಗೆ ಕ್ಯಾನ್ಸರೇ ಇಲ್ಲದ ಮೇಲೆ ತುರ್ತು ಅನುಮತಿಗೆ ಒದ್ದಾಡುವುದನ್ನು ಅವಳಿಗೆ ಹೇಗೆ ಹೇಳುವುದು?

ಅಪಾಯಿಂಟ್‌ಮೆಂಟಿಗೆ ನಾಲ್ಕು ದಿನ ಇರುವಾಗ ಅವಳು ತೀರಿಕೊಂಡಳು. ಅಂದೇ ಸಂಜೆಯೊಳಗೆ ದಫನ್ ಮುಗಿಯಿತು.

ಆದರೂ ಡೆಟ್ರಾಯಿಟ್‌ಗೆ ಹೋದೆ. ಈ ಸಲ ಬೇರೆ ಅಧಿಕಾರಿ. ಆಸ್ಪತ್ರೆಯವರು ಕೊಟ್ಟ ಸಾವಿನ ಕಾಗದ ನೋಡಿ, ವಿಷಾದ ಹೇಳಿ, ಅರ್ಧ ಗಂಟೆಯಲ್ಲಿ ಅನುಮತಿ ಪತ್ರ ಕೈಗಿಟ್ಟರು. ಥೂ, ಅದನ್ನು ಹಿಡಿದ ಕೈಯನ್ನೇ ಕತ್ತರಿಸಿ ಹಾಕಬೇಕೆನಿಸಿತು.

ರಾಣೆಬೆನ್ನೂರಿನಲ್ಲಿ ಕಬರಸ್ಥಾನಕ್ಕೆ ಹೋಗಿ ಬಂದ ಮೇಲೆ ಭಾವ ನನ್ನ ಪಕ್ಕ ಕೂತರು. ನಾನು ಬೈದದ್ದನ್ನು ಎತ್ತಲಿಲ್ಲ. ಕೈ ಹಿಡಿದುಕೊಂಡು, ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದರು:

‘ಕಡೀತನಕ ಆಕಿಗೆ ಗೊತ್ತಾಗ್ಲಿಲ್ಲ ನೋಡು. ಒಂದೊಂದಿನ ನನಗ ಅಂಜಿಕಿ ಆಗ್ತಿತ್ತು, ಸಂಶಯ ಬಂತೇನೋ ಅಂತ. ಆದ್ರ ಆಕೀನ ಎಲ್ಲಾರಿಗೂ ಹೇಳ್ತಿದ್ಲು, ದೊಡ್ಡದೇನರ ಆಗಿದ್ರ ನನ್ನ ತಮ್ಮ ಬರದ ಇರ್ತಿದ್ನೇನು ಅಂತ. ನೀ ಬರದಿದ್ದದ್ದ ಒಳ್ಳೇದಾತು.’