ತಣ್ಣಗಿನ ಇಂಜಿನ್ ನಿಜ ಹೇಳುತ್ತದೆ

ಮಾಂಜಾನಿಯೊ ಊರಲ್ಲಿ ಇನ್ನೂ ಕೋಳಿ ಕೂಗುತ್ತಿದೆ. ಟ್ಯಾಕ್ಸಿಯವ ಎವೆಲಿಯೊ ಮತ್ತವನ ಇಬ್ಬರು ಭಾವಂದಿರು ಅರವತ್ತು ವರ್ಷ ದಾಟಿದ ಹಸಿರು ಕಾರೊಂದನ್ನು ಏದುಸಿರು ಬಿಡುತ್ತ ಮೆಕ್ಯಾನಿಕ್ ಬೆಲಾರ್ಮಿನೊ ಅವರ ಅಂಗಳಕ್ಕೆ ತಳ್ಳಿಕೊಂಡು ಬರುತ್ತಾರೆ.

"ಸ್ಟಾರ್ಟ್ ಮಾಡ್ಕೊಂಡು ಬಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಮೇಸ್ತ್ರಿ?"

"ಬಿಸಿ ಇಂಜಿನ್ ಸುಳ್ಳು ಹೇಳುತ್ತೆ ಕಣೋ. ತಣ್ಣಗಿರೋದು ಹೇಳಲ್ಲ."

ಎಪ್ಪತ್ತೊಂದರ ಬೆಲಾರ್ಮಿನೊ ಸೈಲೆನ್ಸರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಬಿಳಿ ಬಟ್ಟೆ ಹಿಡಿಯುತ್ತಾರೆ. ಹೊಗೆ ಕಪ್ಪಾದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಾದರೆ ನೀರು ನುಗ್ಗಿದೆ. ಪೇಚಿರುವುದು ನೀಲಿಯಲ್ಲಿ. ಓಡುವಷ್ಟು ಹೊತ್ತೂ ನೀಲಿಯಾದರೆ ಪಿಸ್ಟನ್ ರಿಂಗ್ ಸವೆದಿದೆ, ಈ ಊರಲ್ಲಿ ಹೊಸ ರಿಂಗ್ ಎಂದರೆ ಮೊಲದ ಕೊಂಬು. ಬೆಳಗಿನ ಮೊದಲ ಉಸಿರಿಗೆ ನೀಲಿ ಹೊಗೆ ಬುಸ್ಸೆಂದು ಬಂದು ನಿಂತುಹೋದರೆ ಹೋಗಿರುವುದು ಬರೀ ವಾಲ್ವ್ ಸೀಲ್ ಎಂಬ ಸಣ್ಣ ರಬ್ಬರ್ ಬಳೆ. ಟ್ರ್ಯಾಕ್ಟರಿನ ಹಳೇ ಆಯಿಲ್ ಪೈಪು ಕೊಯ್ದು ಅದನ್ನು ಅವರೇ ಮಾಡುತ್ತಾರೆ. ತಿಂಗಳಿಗೆ ಹತ್ತು ಹನ್ನೆರಡು ಗಾಡಿ, ನಲವತ್ತಾರು ವರ್ಷದಿಂದ.

ಎವೆಲಿಯೊ ಕೀಲಿ ತಿರುಗಿಸುತ್ತಾನೆ. ಒಂದೇ ಒಂದು ನೀಲಿ ಮೋಡ, ಆಮೇಲೆ ಏನಿಲ್ಲ.

"ಸೀಲ್ ಕಣಯ್ಯಾ. ಮಧ್ಯಾಹ್ನ ಊಟದೊಳಗೆ ತಗೊಂಡು ಹೋಗು."

"ಅಯ್ಯೋ ನಿಮ್ಮ! ಇನ್ನೊಬ್ಬ ಮೇಸ್ತ್ರಿ ರಿಂಗ್ ಹೋಗಿದೆ ಅಂದಿದ್ದ. ಶನಿವಾರ ಮಾರೇ ಬಿಡ್ತಿದ್ದೆ!"

ಆ ಮಾತಿಗೆ ಬೆಲಾರ್ಮಿನೊ ಮುಖ ಚಿಕ್ಕದಾಗುತ್ತದೆ. ಹನ್ನೆರಡು ವರ್ಷದ ಹಿಂದೆ ಅವರೂ ಅದೇ ಮಾತು ಹೇಳಿದ್ದರು. ಹಿಂದಿನ ಬೀದಿಯ ಎದೆಲ್ಮಿರಾ ತೀರಿಕೊಂಡ ಗಂಡನ ಕಾರನ್ನು ಪ್ರತಿ ಭಾನುವಾರ ಇಲ್ಲಿಗೆ ತರುತ್ತಿದ್ದರು. ಕಾಫಿ ಕುಡಿದು, ಊರ ಸುದ್ದಿಯೆಲ್ಲ ಮುಗಿಸಿ ಹೋಗುತ್ತಿದ್ದರು. ಒಂದು ದಿನ ಬಿಸಿ ಇಂಜಿನ್ನಿನಲ್ಲಿ ನೀಲಿ ಕಂಡು, ತಣ್ಣಗಾಗುವವರೆಗೆ ಕಾಯದೆ ಇವರು "ರಿಂಗ್ ಹೋಗಿದೆ" ಎಂದುಬಿಟ್ಟರು. ಎದೆಲ್ಮಿರಾ ಕಾರು ಮಾರಿದರು. ಕೊಂಡವನು ಸೀಲ್ ಬದಲಿಸಿ ಆರಾಮಾಗಿ ಓಡಿಸಿಕೊಂಡ. ಕಾರಿಲ್ಲದ ಮೇಲೆ ಆಕೆಗೆ ಇಲ್ಲಿ ಬರಲು ನೆಪ ಉಳಿಯಲಿಲ್ಲ, ತಪ್ಪು ಒಪ್ಪಿಕೊಳ್ಳಲು ಇವರಿಗೆ ಮುಖವಿರಲಿಲ್ಲ.

ಬೇಲಿಯಾಚೆ ಎದೆಲ್ಮಿರಾ ಬ್ರೆಡ್ಡಿನ ಚೀಲ ಹಿಡಿದು ಹೋಗುತ್ತಿದ್ದಾರೆ. ದಿನವೂ ಈ ಹೊತ್ತಿಗೆ ತಲೆ ತಗ್ಗಿಸಿ ಕೂರುವ ಬೆಲಾರ್ಮಿನೊ ಇಂದು ಎದ್ದು ಗೇಟಿಗೆ ಹೋಗುತ್ತಾರೆ.

"ಎದೆಲ್ಮಿರಾ, ನಿನ್ನ ಕಾರಿನ ರಿಂಗ್ ಸರಿಯಾಗೇ ಇತ್ತು. ನಂದೇ ತಪ್ಪು."

"ಗೊತ್ತು. ಕೊಂಡವನು ಆ ವಾರವೇ ಬಂದು ಹೇಳಿದ್ದ."

"ಮತ್ತೆ ಬಂದು ಬೈಬಾರ್ದಿತ್ತಾ?"

"ನೀನೇ ಬಂದು ಹೇಳ್ತೀಯ ಅಂತ ಕಾಯ್ತಾ ಇದ್ದೆ," ಎನ್ನುತ್ತಾರೆ ಆಕೆ. "ಒಂದು ಬೀದಿ ದಾಟೋಕೆ ಹನ್ನೆರಡು ವರ್ಷ ಬೇಕಾಯ್ತಾ, ಪುಣ್ಯಾತ್ಮ?"